ಸ್ಪರ್ಶಮಾತ್ರದಿಂದ ಪ್ರಸನ್ನರಾಗುವ ಮಹಾನುಭಾವರಿಗೆ

ಶ್ರೀಮತ್ ಆಟೋ ಟ್ರಿಗರ್ ಮಹಾಶಯರ ದಿವ್ಯ ಸನ್ನಿಧಾನಕ್ಕೆ,
ಮನೆಯಲ್ಲೇ ಕಟ್ಟಿದ ಬ್ಯಾಟರಿ ಸ್ಪಾಟ್ ವೆಲ್ಡರ್, ಪ್ಲಾಸ್ಟಿಕ್ ಡಬ್ಬಿಯ ಒಳಗೆ, 10 ಕಿಲೋ ಓಮ್ ರೆಸಿಸ್ಟರಿನ ಪಕ್ಕ.

ವಿಷಯ: ಎಲೆಕ್ಟ್ರೋಡ್ ತಾಗಿದೆ ಎಂದು ತಾವು ಹೊರಡಿಸುವ ಅಪ್ಪಣೆಗಳ ಕುರಿತು ವಿನಮ್ರ ಬಿನ್ನಹ.

ಮಾನ್ಯರೇ,

ತಮ್ಮ ಪಾದಾರವಿಂದಗಳಿಗೆ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ನಿಕಲ್ ಪಟ್ಟಿಯ ತೂತುಗಳು ಕ್ಷೇಮ, ಮುಂಗೈ ಮೇಲಿನ ಕಿಡಿಯ ಕಲೆಗಳೂ ಕ್ಷೇಮ. ತಮ್ಮ ಕ್ಷೇಮ ಸಮಾಚಾರವನ್ನು ಹಸಿರು ಎಲ್‌ಇಡಿ ಮಿನುಗಿಸಿ ಆಗಾಗ ತಿಳಿಸುತ್ತಿರುವುದಕ್ಕೆ ನಾನು ಋಣಿ. ಆ ದೀಪ ಉರಿದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ ಎಂಬುದು ಭಕ್ತನ ದೌರ್ಬಲ್ಯ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಈ ಪತ್ರವನ್ನು ನಾಲ್ಕು ಜನರ ಮುಂದೆ ಬರೆಯುತ್ತಿರುವುದರಿಂದ ತಮ್ಮ ಕುಲಗೋತ್ರ ಹೇಳಿಯೇ ಮುಂದುವರಿಯಬೇಕು. ಲ್ಯಾಪ್‌ಟಾಪು, ಎಲೆಕ್ಟ್ರಿಕ್ ಸ್ಕೂಟರುಗಳ ಹೊಟ್ಟೆಯಲ್ಲಿ 18650 ಎಂಬ ಸೆಲ್ಲುಗಳಿರುತ್ತವೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಹೊರಗೆ ನಿಕಲ್ ಲೇಪಿಸಿದ ತೆಳು ಉಕ್ಕಿನ ಕವಚ. ಹಳೆಯ ಪ್ಯಾಕಿನಲ್ಲಿ ಸತ್ತ ಸೆಲ್ ಕಿತ್ತು ಬದುಕಿರುವುದನ್ನು ಜೋಡಿಸಬೇಕಾದರೆ ಸೋಲ್ಡರಿಂಗ್ ಕಬ್ಬಿಣ ಆಗಿಬರುವುದಿಲ್ಲ. ಅದರ ಕಾವು ನಿಧಾನಕ್ಕೆ ಒಳಗಿಳಿದು ಸೆಲ್ಲಿನ ಒಳಪದರಗಳನ್ನೂ ಸೀಲನ್ನೂ ಹಾಳುಮಾಡುತ್ತದೆ. ಆದ್ದರಿಂದ ಸೆಲ್ಲಿನ ತುದಿಯ ಮೇಲೆ 0.15 ಮಿಲಿಮೀಟರಿನ ನಿಕಲ್ ಪಟ್ಟಿ ಇಟ್ಟು, ಪಟ್ಟಿಯ ಮೇಲೆ ಎರಡು ತಾಮ್ರದ ಮೊನೆಗಳನ್ನು ಅಕ್ಕಪಕ್ಕ ಒತ್ತಿ, ಕೆಲವೇ ಮಿಲಿಸೆಕೆಂಡು ಸಾವಿರ ಆಂಪಿಯರಿನ ಆಸುಪಾಸಿನ ಕರೆಂಟು ಹಾಯಿಸುತ್ತಾರೆ. ಚಿಟ್ಟೆಂದು ಸದ್ದಾಗುತ್ತದೆ, ಬೆಸುಗೆ ಆಗುತ್ತದೆ, ಸೆಲ್ಲಿಗೆ ಬಿಸಿ ತಟ್ಟಿದ್ದೇ ಗೊತ್ತಾಗುವುದಿಲ್ಲ.

ಎರಡು ಮೊನೆಗೆ ಎರಡು ಪೆನ್ನು, ಎರಡು ಪೆನ್ನಿಗೆ ಎರಡು ಕೈ. ಗುಂಡಿ ಒತ್ತಲು ಮೂರನೆಯ ಕೈಯನ್ನು ಬ್ರಹ್ಮ ಕೊಡಲಿಲ್ಲ. ಕಾಲಿಗೆ ಪೆಡಲ್ ಕಟ್ಟಿಕೊಳ್ಳಬಹುದಿತ್ತು, ಹೊಲಿಗೆ ಯಂತ್ರದವರು ತಲೆಮಾರುಗಳಿಂದ ತುಳಿಯುತ್ತಿದ್ದಾರೆ. ಆದರೆ ಕಾಲು, ಕೈ, ಕಣ್ಣು ಮೂರನ್ನೂ ಒಟ್ಟಿಗೆ ನಡೆಸುವ ಕಷ್ಟದಿಂದ ನಮ್ಮನ್ನು ಪಾರುಮಾಡಲೆಂದೇ ತಾವು ಅವತರಿಸಿದಿರಿ. ಮೊನೆಗಳ ನಡುವೆ ಸಣ್ಣದೊಂದು ವೋಲ್ಟೇಜು ಇಟ್ಟುಕೊಂಡು ಕಾಯುತ್ತೀರಿ. ಎರಡೂ ಮೊನೆ ಪಟ್ಟಿಗೆ ತಾಗಿ ಸರ್ಕ್ಯೂಟು ಪೂರ್ತಿಯಾದ ಕೂಡಲೇ ಆ ವೋಲ್ಟೇಜು ಬದಲಾಗುತ್ತದೆ, ಮೈಕ್ರೋಕಂಟ್ರೋಲರಿನ ಒಂದು ಕಾಲು, ಅಂದರೆ ಪಿನ್ನು, ಅದನ್ನು ಕಂಡು ಕಾರ್ ಬ್ಯಾಟರಿಯ ಕರೆಂಟನ್ನು ಬಿಡುವ ಸ್ವಿಚ್ಚುಗಳಾದ ಮಾಸ್ಫೆಟ್‌ಗಳಿಗೆ ಕಣ್ಸನ್ನೆ ಮಾಡುತ್ತದೆ. ಭಕ್ತ ಬೇಡುವ ಮೊದಲೇ ವರ. ಒಂದೆರಡು ರೆಸಿಸ್ಟರು, ಒಂದು ತಂತಿ, ಹತ್ತಾರು ಸಾಲಿನ ಪ್ರೋಗ್ರಾಮು, ಇಷ್ಟೇ ತಮ್ಮ ಸರ್ವಾಂಗ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಾರ್ ಬ್ಯಾಟರಿಯ ಕೇಬಲ್ಲಿಗೆ, ಮಾಸ್ಫೆಟ್‌ಗೆ, ತಾಮ್ರದ ಪಟ್ಟಿಗೆ ನೋಟು ಎಣಿಸಿ ಕೊಟ್ಟವರಿಗೆ ತಮ್ಮ ಭಾಗ ಚಿಲ್ಲರೆ ಕಾಸಿಗೆ ಸಿಗುತ್ತದೆ. ಅಷ್ಟು ಅಗ್ಗದಲ್ಲಿ ಇಷ್ಟು ದೊಡ್ಡ ಅಧಿಕಾರ ಪಡೆದವರು ಈ ರಾಜ್ಯದಲ್ಲಿ ಬೇರೆ ಇಲಾಖೆಗಳಲ್ಲೂ ಇದ್ದಾರೆ ಎಂಬುದು ನಿಜ, ಆದರೆ ಆ ಮಾತು ಈಗ ಬೇಡ.

ತಮ್ಮ ದಿವ್ಯದೃಷ್ಟಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ಕೃತಘ್ನನಾಗುತ್ತೇನೆ. ತಾವು ನೋಡುವುದು ಸುಮಾರು ಒಂದು ಮಿಲಿ ಆಂಪಿಯರಿನ ಕರೆಂಟಿನಲ್ಲಿ. ಮೊನೆ ಗಟ್ಟಿಯಾಗಿ ಕೂತು ಸಂಪರ್ಕದ ರೋಧ ಒಂದು ಮಿಲಿ ಓಮ್ ಇದ್ದರೆ ಅಲ್ಲಿ ಇಳಿಯುವ ವೋಲ್ಟೇಜು ಒಂದು ಮೈಕ್ರೋವೋಲ್ಟ್. ಮೊನೆ ಸುಮ್ಮನೆ ಸವರಿಕೊಂಡು ರೋಧ ಒಂದು ಪೂರ್ತಿ ಓಮ್ ಇದ್ದರೆ, ಒಂದು ಮಿಲಿವೋಲ್ಟ್. ತಾವು ಆಶ್ರಯಿಸಿರುವ ಆರ್ಡುಯಿನೋ ಎಂಬ ಮೈಕ್ರೋಕಂಟ್ರೋಲರ್ ಬೋರ್ಡು ಐದು ವೋಲ್ಟನ್ನು 1024 ಮೆಟ್ಟಿಲಾಗಿ ಅಳೆಯುತ್ತದೆ, ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಸಾವಿರ ಪಟ್ಟು ವ್ಯತ್ಯಾಸವಿರುವ ಎರಡು ಸಂಪರ್ಕಗಳೂ ತಮ್ಮ ಮೊದಲ ಮೆಟ್ಟಿಲಿನ ಕೆಳಗೇ ಉಳಿದುಬಿಡುತ್ತವೆ. ಒಂದರಲ್ಲಿ ಬೆಸುಗೆ ಆಗುತ್ತದೆ, ಇನ್ನೊಂದರಲ್ಲಿ ಪಟಾಕಿ ಸಿಡಿಯುತ್ತದೆ. ತಮ್ಮ ಕಣ್ಣಿಗೆ ಎರಡೂ ಸಮಾನ. ಸಮದರ್ಶಿತ್ವ ಸಂತರಿಗೆ ಭೂಷಣ ಎಂದು ಕೇಳಿದ್ದೇನೆ. ಸಾವಿರ ಆಂಪಿಯರಿನ ಸ್ವಿಚ್ಚಿಗೂ ಭೂಷಣವೇ ಎಂಬುದನ್ನು ತಾವೇ ಅಪ್ಪಣೆ ಕೊಡಿಸಬೇಕು.

ಅರ್ಜಿಯ ಮೇಲೆ ಹೆಸರು ಇದೆಯೋ ಇಲ್ಲವೋ ಎಂದಷ್ಟೇ ನೋಡಿ, ಒಳಗೇನು ಬರೆದಿದೆ ಎಂದು ಓದದೆ ಮೊಹರು ಒತ್ತುವ ಗುಮಾಸ್ತರನ್ನು ನಾನು ಕಂಡಿದ್ದೇನೆ. ತಮ್ಮ ಕಾರ್ಯವೈಖರಿ ಅದೇ ಪರಂಪರೆಯದು. ವ್ಯತ್ಯಾಸವೆಂದರೆ ಅವರ ಮೊಹರು ಒದ್ದೆ ಶಾಯಿಯದು.

ತಮ್ಮ ವಂಶಾವಳಿಯಲ್ಲಿ ಹಿರಿಯರು ಇಷ್ಟು ಉದಾರಿಗಳಾಗಿರಲಿಲ್ಲ. ತಂತಿಯಲ್ಲಿ ಹುಟ್ಟುವ ಕಾವು ಕರೆಂಟಿನ ವರ್ಗಕ್ಕೂ ರೋಧಕ್ಕೂ ತಕ್ಕಂತೆ ಏರುತ್ತದೆ ಎಂದು ಜೇಮ್ಸ್ ಜೂಲ್ 1841ರಲ್ಲೇ ಪ್ರಕಟಿಸಿದ್ದರು. ಅದನ್ನು ಬೆಸುಗೆಗೆ ತಂದವರು ಅಮೆರಿಕದ ಎಲಿಹು ಥಾಮ್ಸನ್. ವಿದ್ಯುತ್ ಬೆಸುಗೆಯ ಯಂತ್ರಕ್ಕೆ ಅವರಿಗೆ 1886ರಲ್ಲಿ ಪೇಟೆಂಟ್ ಸಿಕ್ಕಿತು. ಆಮೇಲೆ ಕಾರ್ಖಾನೆಗಳಲ್ಲಿ ಈ ಕೆಲಸಕ್ಕೆ ಒಂದು ಕ್ರಮ ಬಂತು: ಮೊದಲು ಒತ್ತುವ ಸಮಯ, ಆಮೇಲೆ ಬೆಸೆಯುವ ಸಮಯ, ಕೊನೆಗೆ ಕರೆಂಟು ನಿಂತ ಮೇಲೂ ಹಾಗೇ ಒತ್ತಿ ಹಿಡಿಯುವ ಸಮಯ. ಕಾರ್ಖಾನೆಯ ಒಳ್ಳೆಯ ಬೆಸುಗೆ ತಲೆಯಲ್ಲಿ ಒಂದು ಸ್ಪ್ರಿಂಗ್ ಇರುತ್ತದೆ. ಹೊಂದಿಸಿಟ್ಟಷ್ಟು ಭಾರ ಬಿದ್ದ ಮೇಲೆ ಆ ಸ್ಪ್ರಿಂಗ್ ಒಂದು ಸ್ವಿಚ್ಚನ್ನು ತಳ್ಳುತ್ತದೆ, ಆಗ ಮಾತ್ರ ಕರೆಂಟು ಹರಿಯುತ್ತದೆ. ಅಂದರೆ ಅಲ್ಲಿ ಕೇಳುವ ಪ್ರಶ್ನೆ ‘ಎಷ್ಟು ಒತ್ತಿದೆ?’ ಎಂಬುದು. ತಾವು ಕೇಳುವುದು ‘ತಾಗಿತೇ?’ ಎಂದು. ಹಿರಿಯರ ಪ್ರಶ್ನೆಪತ್ರಿಕೆಯನ್ನು ಇಷ್ಟು ಸುಲಭ ಮಾಡಿಕೊಟ್ಟ ತಮ್ಮ ಶಿಕ್ಷಣ ಸುಧಾರಣೆಯನ್ನು ಎಷ್ಟು ಹೊಗಳಿದರೂ ಸಾಲದು.

ಒತ್ತಡಕ್ಕೆ ಯಾಕಿಷ್ಟು ಮರ್ಯಾದೆ ಎಂದು ತಾವು ಕೇಳಬಹುದು. ಎರಡು ಲೋಹಗಳು ಕಣ್ಣಿಗೆ ಎಷ್ಟೇ ನುಣ್ಣಗೆ ಕಂಡರೂ ನಿಜವಾಗಿ ತಾಗಿಕೊಳ್ಳುವುದು ಕೆಲವೇ ಸೂಕ್ಷ್ಮ ಚುಕ್ಕೆಗಳಲ್ಲಿ. ವಿದ್ಯುತ್ ಸಂಪರ್ಕಗಳ ಬಗ್ಗೆ ದೊಡ್ಡ ಗ್ರಂಥ ಬರೆದ ರಾಗ್ನರ್ ಹೋಲ್ಮ್ ತಮ್ಮ ವೃತ್ತಿಜೀವನದ ಬಹುಭಾಗವನ್ನು ಇಂಥ ಚುಕ್ಕೆಗಳ ಲೆಕ್ಕಕ್ಕೇ ಕೊಟ್ಟರು. ಒತ್ತಿದಷ್ಟೂ ಚುಕ್ಕೆಗಳು ಚಪ್ಪಟೆಯಾಗಿ ಅಗಲವಾಗುತ್ತವೆ, ರೋಧ ಇಳಿಯುತ್ತದೆ. ಸ್ಪಾಟ್ ವೆಲ್ಡಿಂಗಿನ ಗುಟ್ಟು ಇರುವುದೂ ಇಲ್ಲೇ. ತಾಮ್ರದ ಮೊನೆ ನಿಕಲ್ಲಿಗೆ ತಾಗುವಲ್ಲಿ ರೋಧ ಕಡಿಮೆ ಇರಬೇಕು, ನಿಕಲ್ ಪಟ್ಟಿ ಸೆಲ್ಲಿನ ಉಕ್ಕಿಗೆ ತಾಗುವಲ್ಲಿ ಜಾಸ್ತಿ ಇರಬೇಕು, ಯಾಕೆಂದರೆ ಕರಗಬೇಕಾದದ್ದು ಆ ಎರಡರ ನಡುವಿನ ಜಾಗ. ಸಾವಿರ ಆಂಪಿಯರು ಒಂದು ಮಿಲಿ ಓಮಿನಲ್ಲಿ ಹತ್ತು ಮಿಲಿಸೆಕೆಂಡು ಹರಿದರೆ ಹತ್ತು ಜೂಲ್ ಕಾವು ಹುಟ್ಟುತ್ತದೆ. ಗುಂಡುಸೂಜಿಯ ತಲೆಯಷ್ಟು ಜಾಗಕ್ಕೆ ಅದು ಧಾರಾಳ. ಮೊನೆ ಸಡಿಲವಾಗಿ ಕೂತಿದ್ದರೆ ಅದೇ ಕಾವು ಪಟ್ಟಿಯ ಮೇಲ್ಭಾಗದಲ್ಲಿ, ಮೊನೆಯ ಬುಡದಲ್ಲೇ ಹುಟ್ಟುತ್ತದೆ. ಕೆಳಗೆ ಸೆಲ್ಲು ತಣ್ಣಗೆ, ಮೇಲೆ ಜ್ವಾಲಾಮುಖಿ.

ತಮ್ಮ ಕರಕೌಶಲವನ್ನು ಭೂತಗನ್ನಡಿ ಹಿಡಿದು ನೋಡುವ ಭಾಗ್ಯ ನನ್ನದು. ಸರಿಯಾದ ಬೆಸುಗೆಯಲ್ಲಿ ಎರಡು ಪುಟ್ಟ ದುಂಡು ಗುಳಿಗಳು, ಸುತ್ತ ತೆಳ್ಳಗೆ ಬಣ್ಣ ತಿರುಗಿದ ಅಂಚು, ಅಷ್ಟೆ. ತಾವು ಅವಸರದಲ್ಲಿ ಅನುಗ್ರಹಿಸಿದ್ದರಲ್ಲಿ ಒಂದು ಕಡೆ ಗುಳಿ, ಇನ್ನೊಂದು ಕಡೆ ಕಪ್ಪು ಕುಳಿ. ಕುಳಿಯ ಅಂಚು ಹರಿದು ಮೇಲಕ್ಕೆ ಸುರುಳಿ ಸುತ್ತಿಕೊಂಡಿರುತ್ತದೆ. ಸುತ್ತಲೂ ಸಾಸಿವೆಗಿಂತ ಸಣ್ಣ ನಿಕಲ್ ಹನಿಗಳು ಸಿಡಿದು ಅಂಟಿರುತ್ತವೆ. ಪಟ್ಟಿಯ ಮೇಲೆ ತಾಮ್ರದ ಕೆಂಪು ಛಾಯೆ, ತಾಮ್ರದ ಮೊನೆಗೆ ನಿಕಲ್ಲಿನ ಚೂರು. ಪರಸ್ಪರ ಉಡುಗೊರೆ ಕೊಟ್ಟುಕೊಂಡಿದ್ದಾರೆ. ಆ ಮೊನೆಯನ್ನು ಎಮರಿ ಪೇಪರಿನಲ್ಲಿ ಉಜ್ಜದೆ ಮುಂದಿನ ಚುಕ್ಕೆಗೆ ಹೋದರೆ ಅಲ್ಲಿಯ ಸಂಪರ್ಕ ಇನ್ನೂ ಕೆಟ್ಟದ್ದು, ಅದಕ್ಕೂ ತಮ್ಮ ಒಪ್ಪಿಗೆ ಸಿದ್ಧವಾಗಿಯೇ ಇರುತ್ತದೆ. ಒಂದು ತಪ್ಪು ಒಪ್ಪಿಗೆಯಿಂದ ಮುಂದಿನ ತಪ್ಪು ಒಪ್ಪಿಗೆಗೆ ಹಾದಿ ಸುಗಮವಾಗುವ ಈ ಏರ್ಪಾಡನ್ನು ರೂಪಿಸಿದ ತಮ್ಮ ದೂರದೃಷ್ಟಿಗೆ ಕೈಮುಗಿಯುತ್ತೇನೆ.

ತಮ್ಮ ಚುರುಕುತನವಂತೂ ಸರಿಸಾಟಿಯಿಲ್ಲದ್ದು. ಮನುಷ್ಯನ ಕೈ ಪೆನ್ನನ್ನು ಇಳಿಸುವಾಗ ಮೊನೆ ಒಂದೇ ಸಲ ಕೂರುವುದಿಲ್ಲ. ತಾಗುತ್ತದೆ, ಪುಟಿಯುತ್ತದೆ, ಮತ್ತೆ ತಾಗುತ್ತದೆ, ಜಾರಿ ನಿಲ್ಲುತ್ತದೆ. ಇದಕ್ಕೆಲ್ಲ ಸೆಕೆಂಡಿನ ಒಂದು ಸಣ್ಣ ಪಾಲು ಬೇಕು. ತಾವು ಮೊದಲ ಸ್ಪರ್ಶದಲ್ಲೇ ಪ್ರಸನ್ನರಾಗುತ್ತೀರಿ. ವಿಳಂಬ ಇಡಿ ಎಂದು ಬೇಡಿಕೊಂಡವರಿಗೆ ಅರ್ಧ ಸೆಕೆಂಡಿನ ವಿಳಂಬವನ್ನೂ ದಯಪಾಲಿಸಿದ್ದೀರಿ, ಇಲ್ಲವೆನ್ನಲಾರೆ. ಆದರೆ ಆ ಅರ್ಧ ಸೆಕೆಂಡಿನಲ್ಲಿ ತಾವು ಕಣ್ಣು ಮುಚ್ಚಿ ಧ್ಯಾನಸ್ಥರಾಗುತ್ತೀರಿ! ನಡುವೆ ಮೊನೆ ಎತ್ತಿದರೂ, ಜಾರಿದರೂ ತಮಗೆ ಸುದ್ದಿ ಇಲ್ಲ. ಕಣ್ಣು ಬಿಟ್ಟ ಕ್ಷಣ ಹಳೆಯ ವಚನಕ್ಕೆ ಬದ್ಧರಾಗಿ ಗುಡುಗುತ್ತೀರಿ. ಅದೇ ಹೊತ್ತಿಗೆ ಭಕ್ತ ಪೆನ್ನನ್ನು ಮತ್ತೆ ಇಳಿಸುತ್ತಿದ್ದರೆ ಮೊನೆಗೂ ಪಟ್ಟಿಗೂ ನಡುವೆ ಹಾರುವ ಕಿಡಿಯ ಬೆಳಕಿನಲ್ಲಿ ಕೋಣೆಯ ಮೂಲೆ ಮೂಲೆಯೂ ಕಾಣಿಸುತ್ತದೆ.

ತಮ್ಮ ಕರುಣೆಗೆ ಜಾತಿಮತಗಳ ಭೇದವಿಲ್ಲ. ನಿಕಲ್ ಪಟ್ಟಿಯೇ ಆಗಬೇಕೆಂಬ ಹಟವಿಲ್ಲ. ಮೇಜಿನ ಮೇಲೆ ಇಟ್ಟ ಎರಡು ಪೆನ್ನುಗಳು ಉರುಳಿ ಒಂದಕ್ಕೊಂದು ಒರಗಿದರೂ ಸಾಕು, ಇಕ್ಕಳದ ಮೇಲೆ ಬಿದ್ದರೂ ಸಾಕು, ಬೆರಳಿನ ಉಂಗುರವಾದರೂ ಸಾಕು. ಉಂಗುರ ತೊಟ್ಟು ತಮ್ಮ ಮುಂದೆ ಕೂರಬಾರದೆಂದು ನಾನು ಎಲ್ಲರಿಗೂ ಹೇಳುವುದು ತಮ್ಮ ಮೇಲಿನ ಭಯಭಕ್ತಿಯಿಂದಲೇ. ಹನ್ನೆರಡು ವೋಲ್ಟಿಗೆ ಶಾಕ್ ಹೊಡೆಯುವುದಿಲ್ಲ ಎಂಬುದು ಸರಿ, ಆದರೆ ಸಾವಿರ ಆಂಪಿಯರು ಹಾದ ಉಂಗುರ ಬೆರಳಲ್ಲಿ ತಣ್ಣಗೆ ಕೂತಿರುವುದಿಲ್ಲ.

ಒಮ್ಮೆ ಅನುಗ್ರಹಿಸಿದ ಮೇಲೆ ಮತ್ತೆ ಅನುಗ್ರಹಿಸಲು ತಮಗೆ ಬೇಸರವೂ ಇಲ್ಲ. ಪೆನ್ನನ್ನು ಇನ್ನೂ ಎತ್ತಿಲ್ಲ, ಮೊದಲ ಬೆಸುಗೆ ಕೆಂಪಗಿದೆ, ಆಗಲೇ ಎರಡನೆಯ ಪ್ರಸಾದ! ಸೆಲ್ಲಿನ ತಳಭಾಗದಲ್ಲಾದರೆ ಕವಚ ತೂತಾಗಿ ಒಳಗಿನ ದ್ರವದ ಸಿಹಿ ವಾಸನೆ ಮೂಗಿಗೆ ಬಂದು ಆ ಸೆಲ್ಲನ್ನು ಹೊರಗೆ ಒಯ್ದು ದೂರ ಇಡಬೇಕಾಗುತ್ತದೆ, ಅಷ್ಟೆ. ಪಾಸಿಟಿವ್ ತುದಿಯ ವಿಚಾರ ಬೇರೆ. ಅಲ್ಲಿ ನಡುವಿನ ಟೋಪಿ ಪಾಸಿಟಿವ್, ಅದರ ಸುತ್ತ ಬಗ್ಗಿದ ಕವಚದ ಅಂಚು ನೆಗೆಟಿವ್, ಎರಡರ ನಡುವೆ ಒಂದು ಪ್ಲಾಸ್ಟಿಕ್ ಸೀಲು, ಮೇಲೆ ನಾವು ಅಂಟಿಸುವ ಬಾರ್ಲಿ ಪೇಪರಿನ ಉಂಗುರ. ಪಟ್ಟಿ ಕರಗಿ ಕಾಗದ ಸುಟ್ಟು ಟೋಪಿಗೂ ಅಂಚಿಗೂ ನೆಂಟಸ್ತಿಕೆ ಬೆಳೆದರೆ ಸೆಲ್ಲು ತನ್ನೊಳಗಿನ ಶಕ್ತಿಯನ್ನೆಲ್ಲ ಅಲ್ಲೇ ಸುರಿದುಬಿಡುತ್ತದೆ. ಲಿಥಿಯಂ ಸೆಲ್ಲಿಗೆ ಬೆಂಕಿ ಬಿದ್ದರೆ ಏನಾಗುತ್ತದೆ ಎಂದು ಸ್ಕೂಟರಿನ ವಿಡಿಯೋಗಳಲ್ಲಿ ಎಲ್ಲರೂ ನೋಡಿದ್ದಾರೆ, ವರ್ಣಿಸುವುದಿಲ್ಲ.

ಇನ್ನು ಟ್ರಾನ್ಸ್‌ಫಾರ್ಮರ್ ಸಂಪ್ರದಾಯದ ಭಕ್ತರ ಕಥೆ. ಇವರು ಹಾಳಾದ ಮೈಕ್ರೋವೇವ್ ಒವನ್ನಿನಿಂದ ಟ್ರಾನ್ಸ್‌ಫಾರ್ಮರ್ ತೆಗೆದು, ಸೆಕೆಂಡರಿ ಸುರುಳಿಯನ್ನು ಕಿತ್ತು, ಆ ಜಾಗದಲ್ಲಿ ಹೆಬ್ಬೆರಳು ದಪ್ಪದ ಕೇಬಲನ್ನು ಎರಡು ಸುತ್ತು ಸುತ್ತಿ ವೆಲ್ಡರ್ ಮಾಡಿಕೊಂಡವರು. (ಆ ಒವನ್ನಿನ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ ಸುಮಾರು ಎರಡು ಸಾವಿರ ವೋಲ್ಟ್ ಉಳಿದಿರಬಹುದು, ಅದನ್ನು ಡಿಸ್ಚಾರ್ಜ್ ಮಾಡದೆ ಕೈ ಹಾಕಬಾರದು. ಇದನ್ನು ತಮಾಷೆಯಾಗಿ ಹೇಳುತ್ತಿಲ್ಲ.) ಇವರೂ ಭಕ್ತಿಯಿಂದ ತಮ್ಮನ್ನು ಮೊನೆಗಳ ನಡುವೆ ಪ್ರತಿಷ್ಠಾಪಿಸುತ್ತಾರೆ. ಪ್ರತಿಷ್ಠಾಪಿಸಿದ ಗಳಿಗೆಯಿಂದಲೇ ತಾವು ‘ತಾಗಿದೆ, ತಾಗಿದೆ’ ಎಂದು ಜಪಿಸತೊಡಗುತ್ತೀರಿ. ಮೊನೆಗಳು ಗಾಳಿಯಲ್ಲಿದ್ದರೂ ತಾಗಿದೆ, ಪೆನ್ನುಗಳನ್ನು ಒಂದೊಂದು ಕೋಣೆಯಲ್ಲಿಟ್ಟರೂ ತಾಗಿದೆ.

ತಮ್ಮ ಮಟ್ಟಿಗೆ ಅದು ಸುಳ್ಳೂ ಅಲ್ಲ. ಎರಡು ಮೊನೆಗಳ ಹಿಂದೆ ಅದೇ ದಪ್ಪ ಕೇಬಲು ಟ್ರಾನ್ಸ್‌ಫಾರ್ಮರಿನ ಒಳಗಿಂದ ಸುತ್ತಿ ಬಂದಿರುತ್ತದೆ. ತಮ್ಮ ಡಿಸಿ ಕಣ್ಣಿಗೆ ಆ ಸುತ್ತು ಬರೀ ಒಂದು ತಾಮ್ರದ ತುಂಡು, ಮಿಲಿ ಓಮಿನ ಆಸುಪಾಸು. ಮುಂದಿನ ದಾರಿ ತೆರೆದಿದೆಯೋ ಮುಚ್ಚಿದೆಯೋ ತಿಳಿಯುವ ಮೊದಲೇ ಹಿಂಬಾಗಿಲಿನಿಂದ ಕರೆಂಟು ಹೋಗಿಬಿಡುತ್ತದೆ. ಹಾಗಿದ್ದರೂ ಈ ಭಕ್ತರು ಪುಲ್‌ಅಪ್ ರೆಸಿಸ್ಟರ್ ಬದಲಿಸಿ, ಪ್ರೋಗ್ರಾಮು ತಿದ್ದಿ, ಹೊಸ ಆರ್ಡುಯಿನೋ ಕೊಂಡು ತಮ್ಮ ಸೇವೆ ಮಾಡುವುದನ್ನು ಕಂಡರೆ ಕಣ್ಣು ತುಂಬಿ ಬರುತ್ತದೆ. ‘ನನ್ನನ್ನು ಇಲ್ಲಿ ಕೂರಿಸಬೇಡಿ’ ಎಂದು ತಾವು ಒಂದು ಮಾತು ಹೇಳಬಹುದಿತ್ತು.

ಕೂರಿಸಬೇಕಾದ ಜಾಗ ಇನ್ನೊಂದು ಬದಿಯದು. 230 ವೋಲ್ಟಿನ ಪ್ರೈಮರಿ ಸುರುಳಿಗೆ, ಮೇನ್ಸ್ ಕೊಡುವ ಮೊದಲು, ಪುಟ್ಟ 12 ವೋಲ್ಟ್ ಎಸಿ ಹಾಯಿಸಿ ನೋಡಬೇಕು. ಮೊನೆಗಳು ತೆರೆದಿದ್ದರೆ ಪ್ರೈಮರಿ ಆ ಕರೆಂಟನ್ನು ಬಹಳಷ್ಟು ತಡೆಯುತ್ತದೆ. ಮೊನೆಗಳು ಪಟ್ಟಿಗೆ ತಾಗಿದ ಕೂಡಲೇ ಸೆಕೆಂಡರಿ ಶಾರ್ಟ್ ಆಗಿ, ಪ್ರೈಮರಿಯ ತಡೆ ಬಿದ್ದುಹೋಗುತ್ತದೆ, ಕರೆಂಟು ಏರುತ್ತದೆ. ಇದರಲ್ಲಿ ಒಂದು ಸೊಗಸೂ ಇದೆ. ಸುತ್ತುಗಳ ಅನುಪಾತ ಸುಮಾರು ನೂರು ಇದ್ದರೆ ಸೆಕೆಂಡರಿಯ ರೋಧ ಪ್ರೈಮರಿಯಿಂದ ನೋಡಿದಾಗ ಆ ಅನುಪಾತದ ವರ್ಗದಷ್ಟು, ಅಂದರೆ ಹತ್ತು ಸಾವಿರ ಪಟ್ಟು ದೊಡ್ಡದಾಗಿ ಕಾಣುತ್ತದೆ. ಅತ್ತ ಒಂದು ಮಿಲಿ ಓಮ್, ಇತ್ತ ಹತ್ತು ಓಮ್. ಕಾಣದೇ ಇದ್ದದ್ದು ಸಾಮಾನ್ಯ ಮೀಟರಿಗೂ ಕಾಣುವಷ್ಟಾಗುತ್ತದೆ. ಟ್ರಾನ್ಸ್‌ಫಾರ್ಮರು ತಾನೇ ಭೂತಗನ್ನಡಿ ಹಿಡಿದು ತೋರಿಸುತ್ತಿದ್ದರೂ ತಾವು ಬೆನ್ನು ಹಾಕಿ ಕೂತಿರುತ್ತೀರಿ. ಆದರೆ ಅತ್ತ ಹೋಗುವವರು ಮೇನ್ಸಿನ ಜೊತೆ ಒಂದೇ ಸುರುಳಿಯನ್ನು ಹಂಚಿಕೊಳ್ಳಬೇಕು. ಮೇನ್ಸನ್ನು ಒಳಬಿಡುವ ಟ್ರಯಾಕ್ ಚಾಲೂ ಆಗುವ ಮೊದಲು ರಿಲೇ ಆ 12 ವೋಲ್ಟಿನ ದಾರಿಯನ್ನು ಪೂರ್ತಿ ಕಡಿಯಬೇಕು, ಸಂದೇಶ ಆಪ್ಟೋಕಪ್ಲರಿನ ಮೂಲಕವೇ ಹೋಗಬೇಕು. 230 ವೋಲ್ಟಿನ ಹತ್ತಿರ ಕೈಯಾಡಿಸಿ ಗೊತ್ತಿಲ್ಲದವರು ಈ ದಾರಿ ಬಿಟ್ಟು, ಪೆನ್ನಿನಲ್ಲೇ ಸ್ಪ್ರಿಂಗ್ ಇಟ್ಟು ಮೈಕ್ರೋಸ್ವಿಚ್ ಕೂರಿಸಿಕೊಳ್ಳುವುದು ಲೇಸು. ಅದು ಒತ್ತಡವನ್ನೂ ನೋಡುತ್ತದೆ, ತಮ್ಮ ಶಿಫಾರಸೂ ಬೇಕಾಗುವುದಿಲ್ಲ.

 

ತಮ್ಮ ಅಂತ್ಯಕಾಲದ ಮಹಿಮೆಯನ್ನು ಹೇಳದಿದ್ದರೆ ಪುರಾಣ ಅಪೂರ್ಣ. ಕಾರ್ ಬ್ಯಾಟರಿಯಿಂದ ನಡೆಯುವ ವೆಲ್ಡರಿನ ದಪ್ಪ ಕೇಬಲುಗಳು ನೋಡಲು ಸಾಧು, ಆದರೆ ಒಂದೆರಡು ಅಡಿ ಹರಡಿಕೊಂಡ ಅವುಗಳಿಗೆ ಸುಮಾರು ಒಂದು ಮೈಕ್ರೋಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. ಸಾವಿರ ಆಂಪಿಯರನ್ನು ಒಂದು ಮೈಕ್ರೋಸೆಕೆಂಡಿನಲ್ಲಿ ನಿಲ್ಲಿಸಲು ಹೊರಟರೆ ಲೆಕ್ಕದ ಪ್ರಕಾರ ಸಾವಿರ ವೋಲ್ಟ್ ಎದ್ದು ನಿಲ್ಲಬೇಕು. ಅದನ್ನು ನುಂಗಲು ಸಾಮಾನ್ಯ ಡಯೋಡು, ಟಿವಿಎಸ್ ಡಯೋಡು ಇಲ್ಲದಿದ್ದರೆ ಮೊದಲು ಮಾಸ್ಫೆಟ್‌ಗಳು ಹೋಗುತ್ತವೆ. ಮೊನೆಯಿಂದ ಮೈಕ್ರೋಕಂಟ್ರೋಲರಿಗೆ ನೇರ ತಂತಿ ಎಳೆದುಕೊಂಡು ಕೂತ ತಾವೂ ಜೊತೆಗೇ ಹೋಗುತ್ತೀರಿ. ತಾವು ಹೋದದ್ದು ಯಾರಿಗೂ ತಿಳಿಯುವುದಿಲ್ಲ. ಸತ್ತ ಪಿನ್ನು ‘ತಾಗಿದೆ’ ಎಂಬ ಕಡೆಗೇ ವಾಲಿ ನಿಂತರೆ ಅಂದಿನಿಂದ ಸ್ವಿಚ್ಚು ಹಾಕಿದಾಗಲೆಲ್ಲ ವರವೋ ವರ. ಜೀವ ಇದ್ದಾಗ ‘ಹೂಂ’ ಎಂದವರು ಜೀವ ಹೋದ ಮೇಲೂ ‘ಹೂಂ’ ಎನ್ನುತ್ತೀರಿ. ಮಾಸ್ಫೆಟ್ ಕೂಡ ಬಹುಮಟ್ಟಿಗೆ ಶಾರ್ಟ್ ಆಗಿಯೇ ಸಾಯುವುದರಿಂದ, ಕಾರ್ ಬ್ಯಾಟರಿಗೂ ಪೆನ್ನಿಗೂ ನಡುವೆ ಕೈಗೆಟಕುವ ಐಸೊಲೇಟರ್ ಸ್ವಿಚ್ ಇಲ್ಲದವರು ಕೆಂಪಗೆ ಕಾಯುತ್ತಿರುವ ಮೊನೆಗಳನ್ನು ಹಿಡಿದುಕೊಂಡು ಎದ್ದು ನಿಲ್ಲಬೇಕಾಗುತ್ತದೆ.

ಇಷ್ಟು ಉಪಕಾರಗಳನ್ನು ಮಾಡಿದ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ದೊಡ್ಡದೇನೂ ಅಲ್ಲ.

ಸ್ವಿಚ್ ಹಾಕಿದ ಕೂಡಲೇ ತಾವು ಮೊದಲು ‘ತಾಗಿಲ್ಲ’ ಎಂಬುದನ್ನು ಒಮ್ಮೆ ಕಾಣಬೇಕು. ಕಾಣದಿದ್ದರೆ ಬಜರ್ ಕೂಗಿಸಿ ಸುಮ್ಮನಿರಬೇಕು. ಸತ್ತಿದ್ದೀರೋ ಬದುಕಿದ್ದೀರೋ ಎಂಬುದು ಇಷ್ಟರಿಂದಲೇ ಗೊತ್ತಾಗುತ್ತದೆ. ತಾಗಿದ ಮೇಲೆ ಕಣ್ಣು ಮುಚ್ಚದೆ ನೋಡುತ್ತಲೇ ಇರಬೇಕು. ಅರ್ಧ ಸೆಕೆಂಡಿನಲ್ಲಿ ಒಂದೇ ಒಂದು ಸಲ ತಪ್ಪಿದರೂ ಎಣಿಕೆ ಸೊನ್ನೆಯಿಂದ. ಒಂದು ಬೆಸುಗೆ ಆದ ಮೇಲೆ ಎರಡೂ ಮೊನೆ ಎತ್ತಿ, ಎತ್ತಿದ್ದು ಒಂದಷ್ಟು ಹೊತ್ತು ಸ್ಥಿರವಾದ ಮೇಲೇ ಮುಂದಿನ ಮಾತು. ಪಿನ್ನಿಗೂ ಮೊನೆಗೂ ನಡುವೆ ಹತ್ತು ಕಿಲೋ ಓಮ್, ಪಿನ್ನಿಗೂ ಗ್ರೌಂಡಿಗೂ ನಡುವೆ ಒಂದು ಜೀನರ್ ಇರಲಿ. ಇದರ ಖರ್ಚನ್ನು ನಾನೇ ವಹಿಸಿಕೊಳ್ಳುತ್ತೇನೆ.

ಒಂದು ಬಿನ್ನಹ ಮಾತ್ರ ಸ್ವಲ್ಪ ವಿಸ್ತಾರವಾದದ್ದು, ಕೋಪಿಸಿಕೊಳ್ಳಬಾರದು. ಒಂದು ಮಿಲಿ ಆಂಪಿಯರಿನಲ್ಲಿ ತಮಗೆ ಕಾಣದ್ದು ನೂರಾರು ಆಂಪಿಯರಿನಲ್ಲಿ ಕಾಣುತ್ತದೆ. ಅನೇಕ ವೆಲ್ಡರುಗಳಲ್ಲಿ ಮುಖ್ಯ ಪಲ್ಸಿಗೆ ಮೊದಲು ಚಿಕ್ಕದೊಂದು ಪಲ್ಸ್ ಬಿಡುವ ರೂಢಿ ಇದ್ದೇ ಇದೆ. ಪಟ್ಟಿ ಸೆಲ್ಲಿಗೆ ಅಂಟಿ ಕೂರಲಿ, ಕೊಳೆ ಸುಡಲಿ ಎಂದು. ಆ ಒಂದು ಮಿಲಿಸೆಕೆಂಡಿನಲ್ಲಿ ಕರೆಂಟನ್ನು ಅಳೆದು, ಮೊನೆಗಳ ಬುಡಕ್ಕೇ ಬೇರೆ ಎರಡು ತೆಳು ತಂತಿ ಜೋಡಿಸಿ ಅಲ್ಲಿಯ ವೋಲ್ಟೇಜನ್ನೂ ಅಳೆದರೆ ಕೇಬಲ್ಲಿನ ರೋಧ ಲೆಕ್ಕಕ್ಕೆ ಬರುವುದಿಲ್ಲ. ಕರೆಂಟು ಸಾಗಿಸುವ ತಂತಿ ಬೇರೆ, ವೋಲ್ಟೇಜು ನೋಡುವ ತಂತಿ ಬೇರೆ ಎಂಬ ಈ ನಾಲ್ಕು ತಂತಿಯ ಉಪಾಯಕ್ಕೆ ವಿಜ್ಞಾನಿ ಕೆಲ್ವಿನ್ ಅವರ ಹೆಸರೇ ಅಂಟಿಕೊಂಡಿದೆ. ಐನೂರು ಆಂಪಿಯರಿನಲ್ಲಿ ಒಂದು ಮಿಲಿ ಓಮ್ ಅಂದರೆ ಅರ್ಧ ವೋಲ್ಟ್, ತಮ್ಮ ಮಂದಗಣ್ಣಿಗೂ ನೂರು ಮೆಟ್ಟಿಲು. ಆಗ ರೋಧ ಎಷ್ಟೆಂದು ತಾವೇ ಭಾಗಾಕಾರ ಮಾಡಿ, ಜಾಸ್ತಿ ಇದ್ದರೆ ಮುಖ್ಯ ಪಲ್ಸನ್ನು ತಡೆಹಿಡಿದು ‘ಇನ್ನೂ ಸ್ವಲ್ಪ ಒತ್ತಪ್ಪಾ’ ಎಂದು ಕೂಗಬಹುದು. ಆ ದಿನ ತಮ್ಮನ್ನು ಹೊಗಳಲು ನನಗೆ ವ್ಯಂಗ್ಯ ಬೇಕಾಗುವುದಿಲ್ಲ.

ಇದೆಲ್ಲ ಆಗುವವರೆಗೆ ತಮ್ಮ ಅಧಿಕಾರವನ್ನು ಸ್ವಲ್ಪ ಮೊಟಕುಗೊಳಿಸಲು ಅನುಮತಿ ಬೇಡುತ್ತೇನೆ. ಕಾಲ ಬಳಿ ಒಂದು ಪೆಡಲ್ ಇರುತ್ತದೆ. ತಾವು ‘ತಾಗಿದೆ’ ಎನ್ನಬೇಕು, ನಾನು ತುಳಿದಿರಬೇಕು, ಎರಡೂ ಸೇರಿದರೆ ಮಾತ್ರ ಪಲ್ಸ್. ತಮಗೆ ಕೈಯ ಒತ್ತಡ ತಿಳಿಯುವುದಿಲ್ಲ, ನನಗೆ ತಿಳಿಯುತ್ತದೆ. ಮೊನೆ ತಾಗದೆ ಇರುವಾಗ ಆಕಸ್ಮಿಕವಾಗಿ ಪೆಡಲ್ ತುಳಿಯುವುದು ನನಗೆ ತಿಳಿಯದಿರಬಹುದು, ತಮಗೆ ತಿಳಿಯುತ್ತದೆ. ಹೀಗೆ ತಮ್ಮ ಹುದ್ದೆ ಉಳಿಯುತ್ತದೆ, ಸಹಿ ಮಾಡುವ ಹಕ್ಕು ಜಂಟಿಯಾಗುತ್ತದೆ. ಇದನ್ನು ಹಿಂಬಡ್ತಿ ಎಂದು ತಿಳಿಯದೆ ವಿಶ್ರಾಂತಿ ಎಂದು ಸ್ವೀಕರಿಸಬೇಕಾಗಿ ಪ್ರಾರ್ಥನೆ.

ಹೆಚ್ಚಿಗೆ ಬರೆಯಲು ತಾವು ಮಿನುಗಿಸುತ್ತಿರುವ ಎಲ್‌ಇಡಿ ಬಿಡುತ್ತಿಲ್ಲ. ಪೆನ್ನುಗಳನ್ನು ಬೇರೆ ಬೇರೆ ಇಟ್ಟು ಬರುತ್ತೇನೆ.

ಇತಿ ತಮ್ಮ ವಿಧೇಯ ಸೇವಕ,
ಸೇಫ್ಟಿ ಕನ್ನಡಕ ಹಾಕಿಕೊಂಡೇ ಈ ಪತ್ರ ಬರೆದವನು

ವಿ.ಸೂ.: ಈ ಸಾಲುಗಳು ಓದುಗರಿಗೆ. ಬೆಸುಗೆ ಹಿಡಿದಿದೆಯೇ ಎಂದು ಆಟೋ ಟ್ರಿಗರನ್ನೂ ಎಲ್‌ಇಡಿಯನ್ನೂ ಕೇಳಬೇಡಿ. ಒಂದು ಸತ್ತ, ಪೂರ್ತಿ ಖಾಲಿಯಾದ ಸೆಲ್ಲಿನ ತಳಭಾಗಕ್ಕೆ ಪಟ್ಟಿ ಬೆಸೆದು ಇಕ್ಕಳದಲ್ಲಿ ಹಿಡಿದು ಸುಲಿಯಿರಿ. ಪಟ್ಟಿ ಹರಿದು ನಿಕಲ್ ಚೂರುಗಳು ಸೆಲ್ಲಿಗೇ ಅಂಟಿ ಉಳಿದರೆ ಬೆಸುಗೆ ಆಗಿದೆ. ಪಟ್ಟಿ ಶುಭ್ರವಾಗಿ ಎದ್ದು ಬಂದರೆ ಆಗಿಲ್ಲ. ಒಳ್ಳೆಯ ಸೆಲ್ಲಿಗೆ ಕೈ ಹಾಕುವುದು ಆಮೇಲೆ.